ಅಪಘಾತವನ್ನರುಹುವ ಧರ್ಮ

ಗೋಕಾವಿ–ಹುಕ್ಕೇರಿಯ ಸೀಮೆಯು ನೇಗಿಲೊಂದರಿಂದಲೇ ಬದುಕುವ ಕಾಲವು ಎಂದೋ ಕಳೆದುಹೋಯಿತು. 1880ರ ದಶಕದಲ್ಲಿಯೇ ಘಟಪ್ರಭೆಯ ಜಲಪಾತದ ಬಳಿಯಲ್ಲಿ ನೂಲಿನ ಗಿರಣಿಯು ತಲೆಯೆತ್ತಿತು. ಮುಂದೆ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೂ, ಕಣಗಲಾದಲ್ಲಿ ಎಚ್.ಎಲ್.ಎಲ್. ಸಂಸ್ಥೆಯ ಕಾರ್ಖಾನೆಯೂ ಬಂದವು. ಯಂತ್ರವು ಅನ್ನವನ್ನು ಕೊಡುವಲ್ಲಿಯೇ ಒಮ್ಮೊಮ್ಮೆ ಗಾಯವನ್ನೂ ಕೊಡುವುದುಂಟು. ಆ ಗಾಯವನ್ನು ಸರಕಾರಕ್ಕೆ ಅರುಹುವುದು ಮಾಲಿಕನಿಗೆ ಕೇವಲ ಕಾಯದೆಯ ಕಟ್ಟೋ, ಅಥವಾ ಧರ್ಮವೋ ಎಂಬುದು ವಿಚಾರಣೀಯವಾಗಿದೆ.

ಕಾಯದೆಯ ಮಾತು ಸ್ಪಷ್ಟವಾದದ್ದು. ಮರಣವನ್ನಾಗಲಿ, 48 ತಾಸು ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬಾರದಂತೆ ಮಾಡುವ ಗಾಯವನ್ನಾಗಲಿ ಉಂಟುಮಾಡಿದ ಅಪಘಾತವನ್ನು ವ್ಯವಸ್ಥಾಪಕನು ಅಧಿಕಾರಿಗಳಿಗೆ ತಿಳಿಸತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯದೆಯ 88ನೆಯ ಕಲಮು ವಿಧಿಸಿತು. 89ನೆಯ ಕಲಮು ಉದ್ಯೋಗಜನ್ಯ ರೋಗಗಳನ್ನು ಕುರಿತದ್ದು. ಅದರಲ್ಲಿ ವ್ಯವಸ್ಥಾಪಕನೊಡನೆ ಚಿಕಿತ್ಸೆ ಮಾಡಿದ ವೈದ್ಯನೂ ಹೊಣೆಗಾರನಾದನು. 2020ರ ಸಂಹಿತೆಯೂ ಈ ಕರ್ತವ್ಯಗಳನ್ನು ಉಳಿಸಿಕೊಂಡಿತು.

ಬೆರಳು ಕತ್ತರಿಸಿದರೆ ರಕ್ತವೇ ಸಾಕ್ಷಿಯಾಗುತ್ತದೆ. ಹತ್ತಿಯ ಧೂಳಿನಿಂದ ಶ್ವಾಸಕೋಶವು ಕೆಡಲು ವರ್ಷಗಳು ಹಿಡಿಯುತ್ತವೆ. ಕೆಮ್ಮನ್ನು ವಯಸ್ಸಿನ ಮೇಲೆಯೋ ಬೀಡಿಯ ಮೇಲೆಯೋ ಹೊರಿಸಿ ಸುಮ್ಮನಾಗುವುದು ಸುಲಭ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಕೂಲಿಕಾರರ ಎದೆಯನ್ನು ಸವೆಸುತ್ತಿತ್ತು. 1940ರ ದಶಕದ ವೈದ್ಯಪರೀಕ್ಷೆಗಳಿಂದಲೇ ಆ ರೋಗದ ವ್ಯಾಪ್ತಿಯು ಬೆಳಕಿಗೆ ಬಂದಿತು. ಬರೆದಿಡದ ರೋಗಕ್ಕೆ ಪ್ರತೀಕಾರವಿಲ್ಲ.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯೇಳುತ್ತದೆ. ಗಾಯಗೊಂಡವನೇ, "ಸಾಹೇಬರ, ಬರಿಬ್ಯಾಡ್ರಿ, ಕೆಲಸ ಹೋದೀತು" ಎಂದು ಬೇಡಿಕೊಂಡರೆ? ಮಾಲಿಕನು ಔಷಧದ ವೆಚ್ಚವನ್ನು ಕೈಯಾರೆ ಕೊಟ್ಟು ಮಾತನ್ನು ಅಲ್ಲಿಗೇ ಮುಗಿಸಿದರೆ ಅದು ದಯೆಯೆನಿಸದೇ? ದಯೆಯೇನೋ ಹೌದು, ಆದರೆ ಅದು ಸತ್ಯದ ಸ್ಥಾನದಲ್ಲಿ ನಿಲ್ಲಲಾರದು. ವರದಿಯು ಗಾಯಗೊಂಡವನೊಬ್ಬನ ಸೊತ್ತಲ್ಲ. ನಾಳೆ ಅದೇ ಯಂತ್ರದ ಮುಂದೆ ನಿಲ್ಲುವ, ಇನ್ನೂ ಹೆಸರು ತಿಳಿಯದ ಮತ್ತೊಬ್ಬನಿಗೂ ಅದರಲ್ಲಿ ಪಾಲುಂಟು. ಆ ಪಾಲನ್ನು ಬಿಟ್ಟುಕೊಡಲು ಇವರಿಬ್ಬರಿಗೂ ಅಧಿಕಾರವಿಲ್ಲ. ಮೇಲಾಗಿ, ಕೂಲಿಕಾರನ ಆ ಬೇಡಿಕೆಯು ಮನಃಪೂರ್ವಕವಾದ ಒಪ್ಪಿಗೆಯಲ್ಲ, ಭಯದ ಮಾತು. 1923ರಲ್ಲಿಯೇ ಕಾಯದೆಯು ಪರಿಹಾರದ ಹಕ್ಕನ್ನು ಕೊಟ್ಟಿತು. ಬರೆಯದೆ ಬಿಟ್ಟ ಗಾಯವು ಮುಂದೆ ಉಲ್ಬಣಿಸಿದರೆ ಆ ಹಕ್ಕನ್ನು ಸಾಧಿಸಿಕೊಳ್ಳಲು ಬಡವನಿಗೆ ಆಧಾರವೇ ಉಳಿಯುವುದಿಲ್ಲ. ಆದುದರಿಂದ ಭಯವನ್ನು ನೀಗುವುದೇ ನಿಜವಾದ ದಯೆಯು.

ಸಮಾಜಕ್ಕೂ ಇಲ್ಲಿ ಹೊಣೆಯುಂಟು. ಹತ್ತು ಅವಘಡಗಳನ್ನು ಬರೆದವನನ್ನು ಕೆಟ್ಟ ಮಾಲಿಕನೆಂದೂ, ಒಂದನ್ನೂ ಬರೆಯದವನನ್ನು ಒಳ್ಳೆಯವನೆಂದೂ ತಿಳಿದರೆ ಸುಳ್ಳಿಗೆ ಕೂಲಿ ಕೊಟ್ಟಂತಾಗುತ್ತದೆ. ಬರಿದಾದ ದಫ್ತರವು ಕ್ಷೇಮವನ್ನು ಸೂಚಿಸಬಹುದು, ಮೌನವನ್ನೂ ಸೂಚಿಸಬಹುದು. ಯಾವುದೆಂಬುದನ್ನು ವಿಚಾರಿಸಿಯೇ ಹೊಗಳತಕ್ಕದ್ದು.

ಕಾಯಕವನ್ನು ಪೂಜ್ಯವೆಂದೆಣಿಸಿದ ನಾಡಿನಲ್ಲಿ, ಕಾಯಕ ಮಾಡುವ ಕೈಯ ನೋವು ಲೆಕ್ಕದಿಂದ ಹೊರಗುಳಿಯುವುದು ಸಲ್ಲದು. ನೂಲಿನ ತೂಕವನ್ನೂ ಸಕ್ಕರೆಯ ಚೀಲಗಳನ್ನೂ ತಪ್ಪದೆ ಬರೆದಿಡುವ ದಫ್ತರದಲ್ಲಿ ಮನುಷ್ಯನ ಗಾಯಕ್ಕೂ ಒಂದು ಸಾಲು ಇರತಕ್ಕದ್ದು.