ಸಾರಿ ಅಂದ್ರ ಮುಗೀತೇನು?

ನಮ್ಮ ಶಿರವಾಳದಾಗ ಈಗ ಹೊಲದ ಬದುವಿನ ಮೇಲೂ ‘ಸಾರಿ’ ಓಡಾಡ್ತದ. ಕಾಲು ತುಳಿದರೂ ಸಾರಿ, ಕೈಗಡ ತೊಗೊಂಡು ವರ್ಷ ದಾಟಿದರೂ ಸಾರಿ. ಕನ್ನಡದಲ್ಲಿ ಸಾರುವುದು ಅಂದ್ರ ಊರಿಗೆಲ್ಲ ಕೇಳುವಂಗ ಡಂಗುರ ಹೊಡೆದು ಹೇಳೋದು. ಇಂಗ್ಲಿಷಿನ ಸಾರಿ ಎದುರಿನವನ ಕಿವಿಗೂ ಸರಿಯಾಗಿ ಮುಟ್ಟೋದಿಲ್ಲ.

ಅದರ ಹುಟ್ಟೂ ವಿಚಿತ್ರ. ಹಳೆ ಇಂಗ್ಲಿಷಿನಲ್ಲಿ ‘ಸಾರ್’ ಅಂದರೆ ನೋವು, ಗಾಯ. ಈಗಿನ ‘ಸೋರ್’ ಅದೇ. ಅದರಿಂದ ಬಂದದ್ದು ‘ಸಾರಿಗ್’, ಅಂದರೆ ನೊಂದವನು. ದುಃಖ ಎಂಬರ್ಥದ ‘ಸಾರೋ’ ಇದರ ಒಡಹುಟ್ಟು ಅಂತ ಅನ್ನಿಸ್ತದ, ಆದರೆ ಅದರ ಬೇರು ಬೇರೆ. ಹಂಗಾದ್ರ ಸಾರಿ ಅನ್ನುವವ ತಪ್ಪು ಒಪ್ಪಿಕೊಂಡಿಲ್ಲ, ತನಗೆ ನೋವಾಗ್ಯದ ಅಂತ ತನ್ನ ಸುದ್ದಿ ಹೇಳ್ಯಾನ, ಅಷ್ಟೆ. ಸಾವಿನ ಮನೆಯಲ್ಲೂ ಇಂಗ್ಲಿಷಿನವರು ಸಾರಿ ಅನ್ನೋದು ಅದಕ್ಕೇ; ಕೊಂದವರು ಅವರಲ್ಲ.

ನಮ್ಮ ‘ತಪ್ಪಾತು’ ಏನು ಕಡಿಮಿ ಜಾಣ ಮಾತಲ್ಲ. ಮಳಿ ಬಂದಂಗ ತಪ್ಪು ತಾನೇ ಆತು. ಮಾಡಿದವ ಆ ಮಾತಿನಾಗ ಇಲ್ಲೇ ಇಲ್ಲ.

ಇನ್ನೊಂದು ಮಾಫಿ. ಅರಬ್ಬಿಯಲ್ಲಿ ಹುಟ್ಟಿ, ಫಾರಸಿ, ಉರ್ದು ದಾಟಿ ಬಂದದ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮಗೆ ಇದು ಕಚೇರಿಯ ಮಾತೂ ಹೌದು: ಸಾಲ ಮಾಫಿ, ಕಂದಾಯ ಮಾಫಿ. ಇದನ್ನ ಕೊಡುವವ ಎದುರಿನವ, ನಾನಲ್ಲ. ದೊಡ್ಡವರು ಹೆದರೋದೂ ಇದಕ್ಕೇ. 1919ರ ಜಲಿಯನ್‌ವಾಲಾ ಬಾಗ್ ಬಗ್ಗೆ ನೂರು ವರ್ಷದ ಮೇಲೆ, 2019ರಲ್ಲಿ, ಬ್ರಿಟನ್ ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ವಿಷಾದ ಅಂದರು. ಕ್ಷಮೆ ಕೇಳಲಿಲ್ಲ. ಕೇಳಿದರೆ ಹಿಂದಿಂದೇ ಲೆಕ್ಕ ಬರ್ತದಲ್ಲ!

ನಮ್ಮ ಓಣಿಯ ಹುಡುಗನೊಬ್ಬ ಟ್ರ್ಯಾಕ್ಟರ್ ತಿರುವುವಾಗ ಪಕ್ಕದ ಹೊಲದ ನಾಲ್ಕು ಸಾಲು ತೊಗರಿ ಮಲಗಿಸಿದ. ಹೂವಿಗೆ ಬಂದ ತೊಗರಿ. ‘ಸಾರಿ ಕಾಕಾ’ ಅಂದ. ‘ನಿನ್ನ ಸಾರಿ ನೀನೇ ಇಟ್ಗೋ ತಮ್ಮಾ, ನನ್ನ ತೊಗರಿ ಲೆಕ್ಕ ಹೇಳು’ ಅಂದ ಕಾಕಾ. ಸಂಜಿಗೆ ಹಿರಿಯರು ಕೂಡಿ ಹುಡುಗನ ಕಡೆಯಿಂದ ಮಾಫಿ ಕೇಳಿಸಿದರು. ಆಮೇಲೆ ‘ಕೇಳ್ಯಾನಲ್ಲ, ಬಿಡು’ ಅಂತ ಕಾಕಾನ ಮ್ಯಾಲೇ ಬಿದ್ದರು. ನನಗೆ ತೊಡಕಾದದ್ದು ಇಲ್ಲಿ. ಮಾಫಿ ಕೇಳೋದೂ ಒಂಥರಾ ವಸೂಲಿನೇ. ಕೊಡದಿದ್ದರೆ ನೊಂದವನೇ ಕಲ್ಲೆದೆಯವ ಆಗ್ತಾನ. ಆ ಲೆಕ್ಕದಾಗ ಸಾರಿನೇ ವಾಸಿ, ಅದು ಯಾರನ್ನೂ ಏನೂ ಬೇಡೋದಿಲ್ಲ.

ರಾಶಿ ಆದಮೇಲೆ ಹುಡುಗ ಅರ್ಧ ಚೀಲ ತೊಗರಿ ತಂದು ಕಾಕಾನ ಕಟ್ಟಿಮ್ಯಾಲ ಇಳಿಸಿದ. ಕಾಕಾ ಸೇರಿನಿಂದ ಅಳೆದು ನೋಡಿ ಒಳಗಿಟ್ಟ. ಮಾಫ್ ಮಾಡೀನಿ ಅಂತ ಬಾಯಿಬಿಟ್ಟು ಇನ್ನೂ ಅಂದಿಲ್ಲ. ಅನ್ನಬೇಕು ಅಂತ ನನಗೂ ಅನ್ನಿಸಿಲ್ಲ.