ಕಣ್ಣಿಗೆ ಎಟುಕದ ಅಕ್ಷರ

ವಿದ್ಯೆಯು ಎಲ್ಲಿ ನೆಲೆಸಿರುತ್ತದೆ ಎಂಬ ಪ್ರಶ್ನೆಗೆ ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ವ್ಯಾಕರಣದ ಪರಿಭಾಷೆಯಲ್ಲಿ ಉತ್ತರ ಕೊಡುತ್ತದೆ: ಆಚಾರ್ಯನು ಪೂರ್ವರೂಪ, ಶಿಷ್ಯನು ಉತ್ತರರೂಪ, ವಿದ್ಯೆಯು ಅವರೀರ್ವರ ಸಂಧಿ, ಪ್ರವಚನವು ಅವರನ್ನು ಕೂಡಿಸುವ ಕ್ರಿಯೆ. ಎಷ್ಟೋ ಸಂಧಿಗಳಲ್ಲಿ ಎರಡು ವರ್ಣಗಳು ಒಂದನ್ನೊಂದು ಮುಟ್ಟಿ ಎರಡೂ ಮಾರ್ಪಡುವಂತೆ, ಕಲಿಕೆಯಲ್ಲಿ ಕಲಿಸುವವನೂ ಮಾರ್ಪಡಬೇಕೆಂಬ ಅರ್ಥವು ಅದರಲ್ಲಿ ಅಡಗಿದೆಯೆಂದು ನಾನು ತಿಳಿದಿದ್ದೇನೆ.

ಪ್ರಾಥಮಿಕ ಶಾಲೆಯ ಪಠ್ಯಪುಸ್ತಕಗಳಲ್ಲಿ ಪಾಠದ ಮಗ್ಗುಲಿಗೆ ಈಗ ಅಚ್ಚಾಗಿ ಬರುತ್ತಿರುವ ಕ್ಯೂಆರ್ ಕೋಡ್ ಈ ವಿಚಾರವನ್ನು ಮತ್ತೆ ಕೆದಕುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಮೋಟಾರಿನ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ ಇದನ್ನು ರಚಿಸಿದರು. ಮರಳಿನಲ್ಲಿ ತಿದ್ದಿದ ಅಕ್ಷರವಾಗಲಿ, ಗೋಡೆಯ ಮೇಲಿನ ಮಗ್ಗಿಯಾಗಲಿ, ಶಾಲೆಯಲ್ಲಿ ಇದುವರೆಗೆ ಬರೆಯಲ್ಪಟ್ಟುದೆಲ್ಲವೂ ಇಂದಲ್ಲದಿದ್ದರೆ ನಾಳೆ ಮಗುವಿಗೆ ತಾನಾಗಿ ಓದಬರುವಂಥದಾಗಿದ್ದಿತು. ಈ ಚೌಕವನ್ನಾದರೋ ಮೇಷ್ಟರೂ ಓದಲಾರರು, ಯಂತ್ರವೇ ಓದಿ ಹೇಳಬೇಕು. ಓದಿದಾಗಲೂ ಬಹುಮಟ್ಟಿಗೆ ದೊರೆಯುವುದು ಪಾಠವಲ್ಲ, ಪಾಠವಿರುವ ತಾಣದ ವಿಳಾಸ.

ಹಾಗೆಂದು ಇದನ್ನು ತಿರಸ್ಕರಿಸಲು ನನ್ನ ಮನಸ್ಸು ಒಪ್ಪದು. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತ್‌ಸಿಂಹ ಡಿಸಳೆಯವರು, ಅಲ್ಲಿನ ಮಕ್ಕಳ ಮನೆಮಾತು ಕನ್ನಡವಾಗಿದ್ದು ಪುಸ್ತಕದ ಭಾಷೆ ಅವರಿಗೆ ದೂರವಾಗಿದ್ದುದನ್ನು ಕಂಡು, ತಾವೇ ಕನ್ನಡ ಕಲಿತು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಮಕ್ಕಳ ನುಡಿಗೆ ತಂದರು; ಹಾಡು, ಕಥೆ, ವೀಡಿಯೊ ಪಾಠಗಳಿಗೆ ದಾರಿ ತೋರುವ ಕ್ಯೂಆರ್ ಕೋಡುಗಳನ್ನು ಅವುಗಳಲ್ಲಿ ಸೇರಿಸಿದರು. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆತಾಗ, ಹತ್ತು ಲಕ್ಷ ಡಾಲರಿನ ಬಹುಮಾನದಲ್ಲಿ ಅರ್ಧವನ್ನು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಮಂದಿಗೆ ಹಂಚಿಬಿಟ್ಟರು. ಲೋಕವು ಚೌಕದ ಚಮತ್ಕಾರವನ್ನು ಮೆಚ್ಚಿತು. ನನಗಾದರೋ ಹಿರಿದಾಗಿ ತೋರುವುದು, ಮಗುವಿಗೆ ಕಲಿಸುವ ಮೊದಲು ಮಗುವಿನ ನುಡಿಯನ್ನು ಕಲಿಯಲು ಕುಳಿತ ಆ ಗುರುವಿನ ವಿನಯ. ಕನ್ನಡವನ್ನು ಅವರು ಕಲಿಯದಿದ್ದರೆ ಆ ಕೋಡುಗಳು ಪರಭಾಷೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಿಸುವ ಉಪಕರಣಗಳಾಗಿ ಉಳಿಯುತ್ತಿದ್ದುವು.

ನನ್ನನ್ನು ಬಾಧಿಸುವ ಶಂಕೆ ಬೇರೆ. ಆರು ವರುಷದ ಮಗುವು ಫೋನು ಹಿಡಿದೊಡನೆ ಚಿತ್ರ ಮೂಡುವುದನ್ನು ದಿನದಿನವೂ ಕಾಣುತ್ತ, ಅದೇಕೆ ಮೂಡಿತೆಂದು ಕೇಳುವುದನ್ನೇ ಮರೆತರೆ, ಶ್ರವಣವಾಯಿತೇ ಹೊರತು ಮನನಕ್ಕೆ ಎಡೆಯೇ ದೊರೆಯಲಿಲ್ಲ. ಆಪ್ತವಾಕ್ಯವನ್ನು ಪ್ರಮಾಣವೆಂದು ಅಂಗೀಕರಿಸಿದ ನಮ್ಮ ನೈಯಾಯಿಕರು ಸಹ, ಹೇಳುವವನು ಯಥಾರ್ಥವನ್ನು ಅರಿತವನೂ ಅರಿತುದನ್ನೇ ನುಡಿಯುವವನೂ ಆಗಿರಬೇಕೆಂಬ ನಿಯಮವನ್ನಿಟ್ಟರು; ಚೌಕದ ಹಿಂದಿರುವವರು ಯಾರೆಂಬುದು ಮಗುವಿಗೆ ಕಾಣದು.

ಆದಕಾರಣ, ನಾಲ್ಕನೆಯ ತರಗತಿಯ ವೇಳೆಗಾದರೂ, ಮಕ್ಕಳಿಗೆ ಈ ಚೌಕವನ್ನೇ ಪಾಠವಾಗಿಸಬೇಕು. ಸಾಮಾನ್ಯ ಬಗೆಯ ಅತ್ಯಂತ ಚಿಕ್ಕ ಕೋಡಿನಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21 ಮನೆಗಳಿರುವುದರಿಂದ ಲೆಕ್ಕದ ಚೌಕುಳಿ ಹಾಳೆಯಲ್ಲಿ ಅದನ್ನು ಸೀಸದಕಡ್ಡಿಯಿಂದ ತುಂಬಬಹುದು. ಮೂರು ಮೂಲೆಗಳಲ್ಲಿ ದೊಡ್ಡ ಗುರುತಿದ್ದು ನಾಲ್ಕನೆಯದರಲ್ಲಿ ಏಕಿಲ್ಲವೆಂದು ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ. ಆಗ ಮೇಷ್ಟರು ಉತ್ತರವನ್ನು ಹೇಳಿಬಿಡದೆ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಫೋನಿಗೆ ತೋರಿಸಲು ಬಿಡಲಿ, ಬಳಿಕ ನಡುವಿನ ಒಂದೆರಡು ಮನೆಗಳನ್ನು ಮುಚ್ಚಿ, ಅನಂತರ ಒಂದು ಮೂಲೆಯನ್ನೇ ಬೆರಳಿನಿಂದ ಮುಚ್ಚಿ, ಯಾವಾಗ ಓದಿತು, ಯಾವಾಗ ಓದಲಿಲ್ಲ ಎಂದು ಮಕ್ಕಳೇ ಬರೆದಿಡಲಿ.