ಸಹಿ ಹಾಕದವರ ದಾರಿ

ಕಷ್ಟದಲ್ಲಿ ಎರಡು ಬಗೆ. ತಾನಾಗಿ ಬಂದು ಮೈಮೇಲೆ ಬೀಳುವುದು ಒಂದು, ನಾವೇ ಹುಡುಕಿಕೊಂಡು ಹೋಗುವುದು ಇನ್ನೊಂದು. ಹಿಮಬೆಟ್ಟ ಹತ್ತುವವರು, ಕಡಲು ಈಜುವವರು, ಮರಳುಗಾಡಿನಲ್ಲಿ ಗಾಡಿ ಓಡಿಸುವವರು ಎರಡನೆಯದರ ಬೆನ್ನು ಹತ್ತಿದವರು. ಅವರನ್ನು ಧೈರ್ಯವಂತರೆಂದು ಹೊಗಳುತ್ತೇವೆ, ಇಲ್ಲವೇ ಹುಚ್ಚರೆಂದು ನಗುತ್ತೇವೆ. ಹೇಗಿದ್ದರೂ ನಮ್ಮ ಕಣ್ಣು ಅವರ ಮೇಲೆಯೇ. ಆ ಕಷ್ಟವನ್ನು ಅವರಿಗಾಗಿ ಏರ್ಪಾಡು ಮಾಡಿಕೊಟ್ಟವರತ್ತ ನಾವು ನೋಡುವುದು ಕಡಿಮೆ. ಅಪಾಯವನ್ನು ಆಯೋಜಿಸುವವರು ಯಾರಿಗೆ, ಎಲ್ಲಿಯವರೆಗೆ ಹೊಣೆಗಾರರು?

ರಸ್ತೆಯಿಲ್ಲದ ನೆಲದಲ್ಲಿ ಜೀಪು, ಟ್ರಕ್ಕುಗಳ ಸ್ಪರ್ಧೆ ನಡೆಸುವುದು ವಿಚಿತ್ರವಾದ ಕೆಲಸ. ತಿಂಗಳುಗಟ್ಟಲೆ ಮೊದಲೇ ಒಂದು ತಂಡ ಆ ದಾರಿಯಲ್ಲಿ ಓಡಾಡಿ ಕೊರಕಲು, ಬಂಡೆ, ತಿರುವುಗಳನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಇಂಧನ ಎಲ್ಲಿ, ವೈದ್ಯರು ಎಲ್ಲಿ, ಹೆಲಿಕಾಪ್ಟರ್ ಎಲ್ಲಿ ಇಳಿಯಬಹುದು ಎಂದು ಮೊದಲೇ ತೀರ್ಮಾನಿಸಬೇಕು. ದಾರಿ ಸುಲಭವಾದರೆ ಸ್ಪರ್ಧಿಗಳು ಬರುವುದಿಲ್ಲ, ತೀರಾ ಕಠಿಣವಾದರೆ ಬಂದವರು ಗುರಿ ಮುಟ್ಟುವುದಿಲ್ಲ. ಅಡುಗೆಯವರು ಉಪ್ಪು ಹಾಕುವ ಹಾಗೆ ಇವರು ಕಷ್ಟವನ್ನು ಅಳೆದು ಹಾಕಬೇಕು.

ಡಾಕರ್ ರ‍್ಯಾಲಿ ಹುಟ್ಟಿದ್ದೇ ಅಳತೆಗೆ ಸಿಗದ ಕಷ್ಟವೊಂದರಿಂದ. ಫ್ರಾನ್ಸಿನ ಥಿಯರಿ ಸಬೀನ್ 1977ರಲ್ಲಿ ಬೇರೊಂದು ರ‍್ಯಾಲಿಯಲ್ಲಿ ಓಡುತ್ತ ಲಿಬಿಯಾದ ಮರಳುಗಾಡಿನಲ್ಲಿ ದಾರಿ ತಪ್ಪಿದರು. ಬದುಕಿ ಬಂದ ಮೇಲೆ ಅವರಿಗೆ ಅನ್ನಿಸಿದ್ದು, ಈ ಅನುಭವ ಇನ್ನೊಬ್ಬರಿಗೂ ಸಿಗಬೇಕು ಎಂದು. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಮೊದಲ ರ‍್ಯಾಲಿ ಹೊರಟಿತು. ಗುರಿ ಸೆನೆಗಲ್‌ನ ರಾಜಧಾನಿ ಡಾಕರ್. 1986ರ ಜನವರಿಯಲ್ಲಿ ಮಾಲಿ ದೇಶದಲ್ಲಿ ರ‍್ಯಾಲಿಯ ನಡುವೆಯೇ ಹೆಲಿಕಾಪ್ಟರ್ ಬಿದ್ದು ಸಬೀನ್ ತೀರಿಕೊಂಡರು. ತಾನು ಏರ್ಪಾಡು ಮಾಡಿದ ಅಪಾಯದಿಂದ ಅವರು ದೂರ ನಿಂತಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಆಯೋಜಕರು ತಾವೂ ಅಪಾಯಕ್ಕೆ ಒಡ್ಡಿಕೊಂಡರೆ ಹೊಣೆ ತೀರಿತೇ?

ಇಂಥ ಸ್ಪರ್ಧೆಗೆ ಇಳಿಯುವ ಮುನ್ನ ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಅಪಾಯ ಗೊತ್ತಿದೆ, ಒಪ್ಪಿಯೇ ಬಂದಿದ್ದೇನೆ ಎಂಬುದು ಅದರ ತಾತ್ಪರ್ಯ. ಈ ಸಹಿಗೆ ಬೆಲೆಯಿದೆ. ವಯಸ್ಸಿಗೆ ಬಂದವರು ತಮ್ಮ ಜೀವವನ್ನು ತಾವು ಹೇಗೆ ಬಳಸಬೇಕೆಂದು ನಿರ್ಧರಿಸುವ ಹಕ್ಕು ಅದರಲ್ಲಿದೆ. ಹಾಗೆಂದು ಅದು ಎಲ್ಲಕ್ಕೂ ಕೊಟ್ಟ ಒಪ್ಪಿಗೆಯಲ್ಲ. ಮರಳುದಿಬ್ಬದ ಅಪಾಯಕ್ಕೆ ಒಪ್ಪಿದವನು ಹೆಲಿಕಾಪ್ಟರ್ ಬಾರದೇ ಹೋಗುವುದಕ್ಕೆ ಒಪ್ಪಿರುವುದಿಲ್ಲ.

2020ರ ಜನವರಿ 12ರಂದು ಸೌದಿ ಅರೇಬಿಯಾದಲ್ಲಿ ನಡೆದದ್ದನ್ನು ನೋಡಿ. ಡಾಕರ್‌ನಲ್ಲಿ ಕಾರು, ಟ್ರಕ್ಕುಗಳ ಜೊತೆ ಬೈಕುಗಳೂ ಓಡುತ್ತವೆ. ಭಾರತದ ಹೀರೋ ತಂಡದ ಪೋರ್ಚುಗೀಸ್ ಸವಾರ ಪಾಲೊ ಗೊನ್ಸಾಲ್ವಿಸ್ ಅಂದು ಬಿದ್ದು ಅಸುನೀಗಿದರು. ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಪ್ರಶಸ್ತಿಯ ಪೈಪೋಟಿಯಲ್ಲಿದ್ದವರು. ಅವರು ಬೈಕು ನಿಲ್ಲಿಸಿ, ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಉಳಿದರು. ಗಾಯಾಳುವಿಗಾಗಿ ನಿಂತವರು ಕಳೆದುಕೊಂಡ ಸಮಯವನ್ನು ಆಯೋಜಕರು ಲೆಕ್ಕ ಹಾಕಿ ಹಿಂದಿರುಗಿಸುತ್ತಾರೆ. ಪ್ರೈಸ್ ಅವರಿಗೂ ಹಿಂದಿರುಗಿಸಿದರು. ಮರುದಿನದ ಬೈಕು ಓಟವನ್ನು ರದ್ದು ಮಾಡಿದರು.

ಸಮಯ ವಾಪಸು ಸಿಗುವುದಾದರೆ ನಿಂತವರ ತ್ಯಾಗ ಎಂಥದ್ದು ಎಂದು ಕೆಲವರು ಕೇಳಬಹುದು. ಪ್ರಶ್ನೆ ಚುರುಕಾಗಿದೆ, ಆದರೆ ಗುರಿ ತಪ್ಪಿದೆ. ಕೈಗಡಿಯಾರ ನೋಡಿಕೊಂಡು ಯಾರೂ ಹಾಗೆ ನಿಲ್ಲುವುದಿಲ್ಲ. ನಿಯಮವೊಂದು ಒಳ್ಳೆಯತನವನ್ನು ಹುಟ್ಟಿಸಲಾರದು. ಒಳ್ಳೆಯವರಿಗೆ ದಂಡ ಬೀಳದಂತೆ ನೋಡಿಕೊಳ್ಳಬಲ್ಲದು. ಸ್ಪರ್ಧೆ ಎಂದರೆ ಇನ್ನೊಬ್ಬರನ್ನು ಹಿಂದೆ ಹಾಕುವ ಆಟ. ಅದನ್ನು ಕಟ್ಟುವವರು, ಬಿದ್ದವರನ್ನು ದಾಟಿ ಹೋಗುವುದರಿಂದ ಯಾರಿಗೂ ಲಾಭವಾಗದ ಹಾಗೆ ಕಟ್ಟಬೇಕು. ಸಹಿ ಹಾಕಿದವರ ವಿಷಯದಲ್ಲಿ ಆಯೋಜಕರ ಕರ್ತವ್ಯ ಇದು, ಮತ್ತು ಇದನ್ನು ಅವರು ಬಹುಮಟ್ಟಿಗೆ ಕಲಿತಿದ್ದಾರೆ.

ಕಷ್ಟದ ಪ್ರಶ್ನೆ ಶುರುವಾಗುವುದು ಸಹಿ ಹಾಕದವರಿಂದ. 2006ರ ರ‍್ಯಾಲಿಯ ಕೊನೆಯ ದಿನಗಳಲ್ಲಿ ಗಿನಿ ದೇಶದಲ್ಲಿ ಹತ್ತು ವರ್ಷದ ಹುಡುಗನೊಬ್ಬ, ಮರುದಿನ ಸೆನೆಗಲ್‌ನಲ್ಲಿ ಹನ್ನೆರಡು ವರ್ಷದ ಇನ್ನೊಬ್ಬ ಹುಡುಗ ರ‍್ಯಾಲಿಯ ವಾಹನಗಳಿಗೆ ಸಿಕ್ಕಿ ಸತ್ತರು. ನೋಡಲು ಬಂದವರು ಎಚ್ಚರದಿಂದ ಇರಬೇಕಲ್ಲವೇ ಎಂಬ ಮಾತು ಇಂಥ ಹೊತ್ತಿನಲ್ಲಿ ಕೇಳಿಬರುತ್ತದೆ. ಟಿಕೆಟು ಕೊಂಡು ಕ್ರೀಡಾಂಗಣಕ್ಕೆ ಹೋದವರಿಗೆ ಆ ಮಾತು ಹೇಳಬಹುದೇನೋ. ಇಲ್ಲಿ ಹುಡುಗ ರ‍್ಯಾಲಿಗೆ ಹೋಗಲಿಲ್ಲ, ರ‍್ಯಾಲಿ ಹುಡುಗನ ಊರಿಗೆ ಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

'ದುರ್ಗಮ ಪ್ರದೇಶ' ಎಂಬ ಮಾತನ್ನೇ ಸ್ವಲ್ಪ ವಿಚಾರಿಸಿ ನೋಡೋಣ. ಯಾರಿಗೆ ದುರ್ಗಮ? ಪ್ಯಾರಿಸ್‌ನಿಂದ ಹೊರಟವರಿಗೆ ಅದು ಭೂಮಿಯ ಅಂಚು. ಅಲ್ಲೇ ಹುಟ್ಟಿದವರಿಗೆ ಅದು ಬಾವಿಗೆ, ಸಂತೆಗೆ, ಶಾಲೆಗೆ ಹೋಗುವ ದಾರಿ. ನಕ್ಷೆಯಲ್ಲಿ ಖಾಲಿ ಕಾಣುವ ಜಾಗ ಖಾಲಿ ಇರುವುದು ಅಪರೂಪ. ರ‍್ಯಾಲಿ 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದಾಗ, ಚಿಲಿಯ ಅಟಕಾಮಾ ಮರುಭೂಮಿಯ ಪುರಾತನ ನೆಲೆಗಳಿಗೆ ವಾಹನಗಳಿಂದ ಹಾನಿಯಾಗಿದೆ ಎಂದು ಅಲ್ಲಿನ ರಾಷ್ಟ್ರೀಯ ಸ್ಮಾರಕಗಳ ಮಂಡಳಿ ವರದಿ ಮಾಡಿತು. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಬದುಕಿದವರೂ ಸಹಿ ಹಾಕಿದವರಲ್ಲ.

ಇದಕ್ಕೆ ಆಯೋಜಕರಿಂದ ಒಂದು ಉತ್ತರವಿದೆ: ನಾವು ಬರಿಗೈಯಲ್ಲಿ ಹೋಗುವುದಿಲ್ಲ. ಇದು ಸುಳ್ಳಲ್ಲ. ಸಬೀನ್ ಜೊತೆ ಅದೇ ಹೆಲಿಕಾಪ್ಟರಿನಲ್ಲಿ ಸತ್ತ ಗಾಯಕ ದಾನಿಯೆಲ್ ಬಾಲವಾನ್ ಬಂದಿದ್ದು ಆಫ್ರಿಕಾದ ಹಳ್ಳಿಗಳಿಗೆ ನೀರಿನ ಪಂಪು ಒದಗಿಸುವ ಕೆಲಸಕ್ಕೆ. 1980ರಲ್ಲಿ ಶುರುವಾದ ಕ್ಯಾಮೆಲ್ ಟ್ರೋಫಿ ಎಂಬ ಫೋರ್‌ವೀಲ್ ಸ್ಪರ್ಧೆ, 1993ರಲ್ಲಿ ಮಲೇಷ್ಯಾದ ಸಬಾ ರಾಜ್ಯಕ್ಕೆ ಹೋದಾಗ ಮಲಿಯಾವ್ ಕಣಿವೆಯ ಕಾಡಿನಲ್ಲಿ ಸಂಶೋಧಕರಿಗಾಗಿ ಒಂದು ನೆಲೆ ಕಟ್ಟಿಕೊಟ್ಟಿತು. ಒಂದು ಸಿಗರೇಟು ಬ್ರ್ಯಾಂಡಿನ ಹೆಸರು ಹೊತ್ತ ಸ್ಪರ್ಧೆ ಮಾಡಿದ ಒಳ್ಳೆಯ ಕೆಲಸ ಅದು. ಆದರೂ ಉಡುಗೊರೆ ಅನುಮತಿಯಲ್ಲ. ಮನೆಗೆ ಹಣ್ಣುಹಂಪಲು ತಂದ ಅತಿಥಿಗೂ ಒಳಗೆ ಬರಬಹುದೇ ಎಂದು ಕೇಳುವ ಕೆಲಸ ತಪ್ಪುವುದಿಲ್ಲ.

ನಮ್ಮ ಮಲೆನಾಡಿಗೂ ಈ ಮಾತು ಅನ್ವಯಿಸುತ್ತದೆ. ಕೊಡಗು, ಸಕಲೇಶಪುರದ ತೋಟಗಳಲ್ಲಿ ಜೀಪು ಕ್ರೀಡೆಯ ಸಾಮಾನಾಗುವ ಎಷ್ಟೋ ಮೊದಲೇ ದಿನಬಳಕೆಯ ಗಾಡಿಯಾಗಿತ್ತು. ಗೊಬ್ಬರ, ಕಾಫಿ ಮೂಟೆ, ಕಾಯಿಲೆಯವರು, ಎಲ್ಲವೂ ಅದರಲ್ಲೇ. ಮಳೆಗಾಲದ ಕೆಸರು ಅಲ್ಲಿಯವರಿಗೆ ಸವಾಲಲ್ಲ, ರಗಳೆ. ಅದೇ ಕೆಸರಿಗಾಗಿ ಪೇಟೆಯಿಂದ ಗಾಡಿಗಳು ಬಂದು, ಒಂದೇ ದಿನ ಇಪ್ಪತ್ತು ಮೂವತ್ತು ಸಲ ಚಕ್ರ ತಿರುಗಿಸಿ ಹೋದರೆ, ಮರುದಿನ ಆ ಕೊರಕಲಿನಲ್ಲಿ ನಡೆಯಬೇಕಾದವರು ಊರಿನವರು.

ಈ ಕ್ರೀಡೆಯಲ್ಲೇ ಒಂದು ಚಿಕ್ಕ ಪಾಠವಿದೆ. ಕೆಸರಲ್ಲಿ ಹೂತ ಜೀಪನ್ನು ಮುಂದಿನ ವಿಂಚಿನ ಹಗ್ಗದಿಂದ ಮರಕ್ಕೆ ಕಟ್ಟಿ ಎಳೆದುಕೊಳ್ಳುತ್ತಾರೆ. ಉಕ್ಕಿನ ಹಗ್ಗವನ್ನು ನೇರವಾಗಿ ಸುತ್ತಿದರೆ ತೊಗಟೆ ಕೊಯ್ದು ಹೋಗುತ್ತದೆ. ಅದಕ್ಕೆ ಮೊದಲು ಅಗಲವಾದ ಪಟ್ಟಿ ಸುತ್ತಿ, ಹಗ್ಗವನ್ನು ಅದಕ್ಕೆ ಸಿಕ್ಕಿಸಬೇಕು. ಪಟ್ಟಿ ಸುತ್ತಲು ಒಂದೆರಡು ನಿಮಿಷ ಹೋಗುತ್ತದೆ. ಸ್ಪರ್ಧೆಯಲ್ಲಿ ಅದೇನು ಕಡಿಮೆಯಲ್ಲ. ಎಲ್ಲರೂ ಸುತ್ತಲೇಬೇಕು ಎಂಬ ನಿಯಮವಿದ್ದರೆ ಯಾರಿಗೂ ನಷ್ಟವಿಲ್ಲ. ಇಲ್ಲದಿದ್ದರೆ ಮರದ ಬಗ್ಗೆ ಯೋಚಿಸಿದವನೇ ಸೋಲುತ್ತಾನೆ. ಹಳ್ಳಿಯ ನಡುವೆ ವೇಗದ ಮಿತಿ, ಮೊದಲೇ ಊರಿನವರನ್ನು ಕೇಳುವುದು, ಹೋಗುವಾಗ ದಾರಿ ಸರಿಮಾಡಿಕೊಡುವುದು, ಇವೆಲ್ಲ ಅಂಥ ಪಟ್ಟಿಗಳೇ.

ಎಲ್ಲಕ್ಕಿಂತ ಕಷ್ಟದ್ದು, ಬೇಡ ಎನ್ನುವುದು. 2007ರ ಡಿಸೆಂಬರ್‌ನಲ್ಲಿ ಮಾರಿಟೇನಿಯಾದಲ್ಲಿ ನಾಲ್ವರು ಫ್ರೆಂಚ್ ಪ್ರವಾಸಿಗಳ ಕೊಲೆಯಾದ ಬಳಿಕ, 2008ರ ರ‍್ಯಾಲಿಯನ್ನು ಹೊರಡುವ ಹಿಂದಿನ ದಿನ ರದ್ದು ಮಾಡಿದರು. ಎಲ್ಲ ಸಿದ್ಧವಾದ ಮೇಲೂ ನಿಲ್ಲಿಸಲು ಸಾಧ್ಯ ಎಂದು ಆಗ ತಿಳಿಯಿತು. ಅಂದು ನಿಲ್ಲಿಸಿದ್ದು ಹೊರಗಿನಿಂದ ಬರುವವರ ಜೀವಕ್ಕಾಗಿ. ದಾರಿಬದಿಯ ಹುಡುಗನ ಜೀವಕ್ಕಾಗಿಯೂ ಅಷ್ಟೇ ಸಲೀಸಾಗಿ ನಿಲ್ಲಿಸಬಲ್ಲವರು ಮಾತ್ರ ಅಪಾಯವನ್ನು ಆಯೋಜಿಸಲು ಅರ್ಹರು. ಸ್ಪರ್ಧಿ ತನ್ನ ಹೆಸರಿನ ಮುಂದೆ ಸಹಿ ಹಾಕುತ್ತಾನೆ. ಸಹಿ ಹಾಕದೇ ಉಳಿದವರ ಪರವಾಗಿ ಯೋಚಿಸಬೇಕಾದ ಕೆಲಸ ಆಯೋಜಕರದು.